ಸಂತ ತೋಮಸರು

ಈಸ್ಟರ್ ಹಬ್ಬದ ದಿನಗಳಲ್ಲಿ ಕೊಚ್ಚಿಯ ಪೂರ್ವ ದಿಕ್ಕಿನ ರಸ್ತೆಗಳಲ್ಲಿ ಒಂದು ದೃಶ್ಯವನ್ನು ನಾವು ಕಾಣುತ್ತೇವೆ. ಮರದ ಶಿಲುಬೆಗಳನ್ನು ಹೆಗಲಮೇಲೆ ಹೊತ್ತ ಯಾತ್ರಿಕರು ಸುಡುಬಿಸಿಲನ್ನೂ ಲೆಕ್ಕಿಸದೆ ಮಲಯಾಟ್ಟೂರು ಬೆಟ್ಟದತ್ತ ಕಾಲ್ನಡೆಯಿಂದ ಸಾಗುತ್ತಾರೆ. ಶ್ರೀ ಶಂಕರಾಚಾರ್ಯರ ಜನ್ಮಸ್ಥಳವಾದ ಕಾಲಡಿಗೆ ಸಮೀಪದಲ್ಲಿ, ಅದೇ ಪೆರಿಯಾರ್ ನದಿಯ ತೀರದಲ್ಲಿ ಈ ಬೆಟ್ಟವಿದೆ. ಇಷ್ಟು ಜನರನ್ನು ಸೆಳೆಯುವ ಆ ಮಹಾಪುರುಷರು ಯಾರು? ಅವರೇ ಸಂತ ತೋಮಸರು. ಮಲಯಾಳಿಗಳ ಮಾರ್ ತೋಮಾ.

ತೋಮಸರು ಯೇಸುಕ್ರಿಸ್ತನ ಹನ್ನೆರಡು ಮಂದಿ ಶಿಷ್ಯರಲ್ಲೊಬ್ಬರು. ಅವರ ಹೆಸರಿಗೆ ಅವಳಿ ಎಂದರ್ಥ. ಗುರುವು ಅಪಾಯವಿದ್ದ ಊರಿಗೆ ಹೊರಟುನಿಂತಾಗ, ತಾವೂ ಹೋಗಿ ಅವನೊಡನೆ ಸಾಯೋಣವೆಂದು ಉಳಿದ ಶಿಷ್ಯರನ್ನು ಹುರಿದುಂಬಿಸಿದವರು ಇವರೇ. ಆದರೆ ಲೋಕವು ಅವರ ಈ ಧೈರ್ಯವನ್ನು ಮರೆತು ಸಂದೇಹವನ್ನೇ ನೆನಪಿಟ್ಟಿತು. ಶಿಲುಬೆಗೇರಿದ ಗುರುವು ಪುನಃ ಎದ್ದನೆಂದು ಗೆಳೆಯರು ಹೇಳಿದಾಗ, ಗಾಯಗಳನ್ನು ಮುಟ್ಟಿ ನೋಡುವವರೆಗೂ ನಂಬಲಾರೆನೆಂದರು ತೋಮಸರು. ಎಂಟು ದಿನಗಳ ಮೇಲೆ ಗುರುದರ್ಶನವಾಯಿತು, ಸಂದೇಹ ಕರಗಿತು. ಮಲಯಾಟ್ಟೂರಿನ ಮುಖ್ಯ ಉತ್ಸವವು ಈಸ್ಟರಿನ ಮುಂದಿನ ಭಾನುವಾರ, ಎಂದರೆ ಈ ಪ್ರಸಂಗವನ್ನು ಸ್ಮರಿಸುವ ದಿನದಂದೇ, ನಡೆಯುತ್ತದೆ.

ಮೂರನೆಯ ಶತಮಾನದ ಸಿರಿಯಾಕ್ ಗ್ರಂಥವೊಂದರಲ್ಲಿ ಸೊಗಸಾದ ಕಥೆಯಿದೆ. ಗೊಂಡೊಫರಿಸ್ ಎಂಬ ಅರಸನು ಅರಮನೆಯನ್ನು ಕಟ್ಟಲೆಂದು ತೋಮಸರಿಗೆ ಹಣ ಕೊಟ್ಟನಂತೆ. ಅವರು ಅದೆಲ್ಲವನ್ನೂ ಬಡವರಿಗೆ ಹಂಚಿ, ಅರಮನೆಯು ಸ್ವರ್ಗದಲ್ಲಿ ಸಿದ್ಧವಾಗಿದೆಯೆಂದರಂತೆ. ಈ ಅರಸನು ಕೇವಲ ಕಲ್ಪನೆಯೆಂದು ಒಂದು ಕಾಲದಲ್ಲಿ ಭಾವಿಸಿದವರುಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದ ವಾಯವ್ಯ ಭಾಗದಲ್ಲಿ ಅವನ ನಾಣ್ಯಗಳು ದೊರೆತು, ಅವನು ನಿಜವಾಗಿಯೂ ಆಳಿದನೆಂಬುದು ಸಿದ್ಧವಾಯಿತು.

ಕೇರಳದ ಪರಂಪರೆಯಂತೆ ತೋಮಸರು ಕ್ರಿ. ಶ. ೫೨ರಲ್ಲಿ ಕೊಡುಂಗಲ್ಲೂರಿನ ಬಳಿ ಇಳಿದರು. ಆಗ ಅದು ಮುಜಿರಿಸ್ ಎಂಬ ಪ್ರಸಿದ್ಧ ರೇವು. ಮುಂಗಾರಿನ ಗಾಳಿಯನ್ನು ಹಿಡಿದು ರೋಮನರ ಹಡಗುಗಳು ಮೆಣಸಿಗಾಗಿ ಅಲ್ಲಿಗೆ ಬರುತ್ತಿದ್ದವು. ೧೩೪೧ರ ಮಹಾಪ್ರವಾಹದಲ್ಲಿ ಆ ರೇವು ಹೂಳಿನಿಂದ ಕೆಟ್ಟು, ಕೊಚ್ಚಿಯ ಬಂದರು ತೆರೆಯಿತೆಂದು ಹೇಳುತ್ತಾರೆ. ಪಾಲಯೂರು, ಕೊಲ್ಲಂ, ನಿರಣಂ ಮೊದಲಾದ ಏಳು ಕಡೆಗಳಲ್ಲಿ ಅವರು ಕ್ರೈಸ್ತ ಸಮುದಾಯಗಳನ್ನು ಸ್ಥಾಪಿಸಿದರೆಂದು ಪ್ರತೀತಿ. ತಿರುವನಂತಪುರದ ದಕ್ಷಿಣಕ್ಕೆ, ಇಂದು ತಮಿಳುನಾಡಿಗೆ ಸೇರಿರುವ ತಿರುವಿದಾಂಕೋಡಿನ ಚರ್ಚು ಅರ್ಧಪಳ್ಳಿಯೆಂದು ಹೆಸರಾಗಿದೆ. ಇಲ್ಲಿಯ ಪ್ರಾಚೀನ ಕ್ರೈಸ್ತರು ತಮ್ಮ ಧರ್ಮಾಧ್ಯಕ್ಷ ಪರಂಪರೆಗೆ ತೋಮಸರನ್ನೇ ಮೂಲಪುರುಷರೆಂದು ಎಣಿಸುತ್ತಾರೆ.

ಕ್ರಿ. ಶ. ೭೨ರಲ್ಲಿ ಮೈಲಾಪುರದ ಬಳಿ ಈಟಿಯ ತಿವಿತದಿಂದ ತೋಮಸರು ಪ್ರಾಣ ತೆತ್ತರೆಂದು ಪರಂಪರೆ ಹೇಳುತ್ತದೆ. ಅವರ ಅಸ್ಥಿಗಳೆಂದು ಪೂಜೆಗೊಂಡ ಅವಶೇಷಗಳು ಎಡೆಸ್ಸಾ ನಗರದಲ್ಲಿದ್ದು, ಕೊನೆಗೆ ೧೨೫೮ರಲ್ಲಿ ಇಟಲಿಯ ಓರ್ಟೋನಾ ಪಟ್ಟಣವನ್ನು ಸೇರಿದವು. ಅಲ್ಲಿಂದ ಬಲಗೈಯ ಮೂಳೆಯ ಒಂದು ಭಾಗವನ್ನು ೧೯೫೩ರಲ್ಲಿ ಕಾರ್ಡಿನಲ್ ಟಿಸರಾಂಟರು ಕೊಡುಂಗಲ್ಲೂರಿನ ಸಮೀಪದ ಅಳಿಕೋಡಿಗೆ ತಂದರು. ೧೯೬೪ರಲ್ಲಿ ಭಾರತ ಸರ್ಕಾರವು ತೋಮಸರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಪ್ರತಿ ವರ್ಷ ಜುಲೈ ೩ ಅವರ ಸ್ಮರಣೆಯ ದಿನ.

ತೋಮಸರು ಕೇರಳಕ್ಕೆ ಬಂದುದಕ್ಕೆ ಅವರ ಕಾಲದ ಶಾಸನವಿಲ್ಲವೆಂದು ಚರಿತ್ರಕಾರರು ಎಚ್ಚರಿಸುತ್ತಾರೆ. ಸಾಕ್ಷ್ಯವನ್ನು ಕೇಳುವುದು ತಪ್ಪಲ್ಲ. ತೋಮಸರೂ ಅದನ್ನೇ ಕೇಳಿದ್ದರು. ವಿದ್ಯಾರ್ಥಿಗಳಾದ ನೀವು ತಿಳಿಯದುದನ್ನು ತಿಳಿದಂತೆ ತಲೆದೂಗದೆ, ನಾಚಿಕೆಯಿಲ್ಲದೆ ಪ್ರಶ್ನಿಸಿರಿ. ಆದರೆ ಸತ್ಯವು ಮನಗಂಡ ಮೇಲೆ ತೋಮಸರು ಹಿಂದೆಗೆಯಲಿಲ್ಲ. ಹುಟ್ಟಿದ ನಾಡನ್ನೂ ತಾಯ್ನುಡಿಯ ನೆರೆಯನ್ನೂ ಬಿಟ್ಟು ಹೊರಟರು. ಹೊರನಾಡಿನಲ್ಲಿ ಓದುತ್ತಿರುವ ನಮಗೆ ಈ ಬಾಳು ದೂರದ್ದೆಂದು ತೋರದು.