ರಮಾಬಾಯಿ ಮುಚ್ಚದ ಬಾಗಿಲು

ಪಂಡಿತಾ ರಮಾಬಾಯಿ ಅಂದ್ರೆ ನಮಗೆ 1905ರ ಮುಕ್ತಿ ಉಜ್ಜೀವನವೇ ನೆನಪಾಗೋದು. ನಮ್ಮ ಸಭೆಯ ಪ್ರೈಮರಿ ಶಾಲೆಗೆ ದರ್ಶನ ಬರೆಯಲು ಕೂತಿರುವ ಟೀಚರ್‌ಗಳಿಗೋಸ್ಕರ ನಾನು ಸ್ವಲ್ಪ ಹಿಂದಕ್ಕೆ ಹೋಗ್ತೀನಿ.

1889ರಲ್ಲಿ ಆಕೆ ಮುಂಬೈಯಲ್ಲಿ ಶಾರದಾ ಸದನ ತೆರೆದರು. ಯಾರಿಗೂ ಧರ್ಮದ ಒತ್ತಾಯವಿಲ್ಲ ಎಂಬ ಮಾತಿತ್ತು. ಆದರೆ ತಾನು ಪ್ರಾರ್ಥಿಸುವಾಗ ಆಕೆ ಕೋಣೆಯ ಬಾಗಿಲು ಮುಚ್ಚಲಿಲ್ಲ. ಹುಡುಗಿಯರು ಬಂದು ಕೂತರು. ಶಾಲೆ ಪುಣೆಗೆ ಹೋದ ಮೇಲೆ, 1893ರಲ್ಲಿ, ಸಲಹಾ ಸಮಿತಿಯವರು ರಾಜೀನಾಮೆ ಕೊಟ್ಟರು, ಎಷ್ಟೋ ಪೋಷಕರು ಮಕ್ಕಳನ್ನು ಬಿಡಿಸಿದರು. ಅವರ ಸಿಟ್ಟೂ ನನಗೆ ಅರ್ಥ ಆಗುತ್ತೆ. ಕಟ್ಟಡ ಒಂದೇ, ಎರಡೂ ಕಡೆಯವರ ಮನಸ್ಸಲ್ಲಿದ್ದ ಶಾಲೆ ಬೇರೆ ಬೇರೆ.

ಕೇಡಗಾಂವ್‌ನ ಮುಕ್ತಿಯಲ್ಲಿ ಯೇಸುವಿನ ಹೆಸರನ್ನ ಮೊದಲೇ ಬಹಿರಂಗವಾಗಿ ಇಟ್ಟರು. ಬರಗಾಲದಿಂದ ಬದುಕಿ ಬಂದ ಹುಡುಗಿಯರು ಅಲ್ಲಿ ಓದಿದರು, ನೇಯ್ದರು, ಅಚ್ಚಿನ ಕೆಲಸ ಕಲಿತರು.