ಮುರಿದ ಮೂಳೆಗಳಲ್ಲಿ ಇಂಜಿನ್ ಹುಡುಕಿದ ಹ್ಯಾರಿ ಸೀಲಿ

ಪೇಪರ್ ರಾಕೆಟ್ ಮಾಡಿ ಕೊನೇ ಬೆಂಚಿನಿಂದ ಬಿಟ್ಟರೆ ಅದು ಬೋರ್ಡಿನ ತನಕ ಹೋಗುತ್ತೆ. ಆದ್ರೆ ಬೋರ್ಡಿನ ಹತ್ತಿರದಿಂದ ತಾನಾಗೇ ಎದ್ದು ಕೊನೇ ಬೆಂಚಿಗೆ ವಾಪಸ್ ಬರಲ್ಲ. ತೇಲೋದಕ್ಕೂ ಹಾರೋದಕ್ಕೂ ಇರುವ ವ್ಯತ್ಯಾಸ ಇಷ್ಟೇ. ತೇಲೋಕೆ ರೆಕ್ಕೆ ಸಾಕು, ಹಾರೋಕೆ ಇಂಜಿನ್ ಬೇಕು.

ಡೈನೋಸಾರ್‌ಗಳ ಕಾಲದಲ್ಲಿ ಆಕಾಶದಲ್ಲಿದ್ದ ಟೆರೋಸಾರ್ ಎಂಬ ಹಾರುವ ಸರೀಸೃಪಗಳಿಗೆ ಆ ಇಂಜಿನ್ ಇತ್ತಾ? ಅವು ಹಕ್ಕಿಯ ಹಾಗೆ ರೆಕ್ಕೆ ಬಡಿದು ಹಾರುತ್ತಿದ್ದವಾ, ಇಲ್ಲಾ ಎತ್ತರದಿಂದ ಜಿಗಿದು ತೇಲುತ್ತಿದ್ದವಾ? ಈ ಪ್ರಶ್ನೆಯನ್ನು ಇಂಜಿನಿಯರ್ ಥರ ಯೋಚಿಸಿದವರಲ್ಲಿ ಒಬ್ಬರು ಹ್ಯಾರಿ ಗೋವಿಯರ್ ಸೀಲಿ. ಆಗಿನ್ನೂ ಮನುಷ್ಯ ವಿಮಾನವನ್ನೇ ಕಟ್ಟಿರಲಿಲ್ಲ!

ಸೀಲಿ ಹುಟ್ಟಿದ್ದು 1839ರ ಫೆಬ್ರವರಿ 18ರಂದು, ಲಂಡನ್ನಿನಲ್ಲಿ. ತಂದೆ ಅಕ್ಕಸಾಲಿ. ವ್ಯಾಪಾರ ಮುಳುಗಿ ತಂದೆ ದಿವಾಳಿಯಾದಾಗ ಹುಡುಗನನ್ನು ಪಿಯಾನೋ ತಯಾರಿಸುವ ಒಂದು ಕುಟುಂಬದ ಮನೆಗೆ ಕಳಿಸಿದರು. ಅಲ್ಲಿದ್ದುಕೊಂಡು ಒಂದಷ್ಟು ವರ್ಷ ಶಾಲೆ, ಆಮೇಲೆ ಎರಡು ವರ್ಷ ಪಿಯಾನೋ ಮಾಡುವ ಕೆಲಸ ಕಲಿಯೋದು. ನಂತರ ಚಿಕ್ಕಪ್ಪನೋ ದೊಡ್ಡಪ್ಪನೋ ಕೈಹಿಡಿದು ಕಾನೂನು ಓದಲು ಹಚ್ಚಿದರು. ಅದು ಹಿಡಿಸಲಿಲ್ಲ, ಬಿಟ್ಟ. ಅವನ ಮನಸ್ಸೆಲ್ಲ ಇದ್ದದ್ದು ಕಲ್ಲು, ಮಣ್ಣು, ಪಳೆಯುಳಿಕೆಗಳ ಬಗ್ಗೆ ಕೇಳಿಸಿಕೊಂಡ ಉಪನ್ಯಾಸಗಳಲ್ಲಿ. ಮನೆಯವರು ಹಾಕಿದ ಬ್ರ್ಯಾಂಚ್ ಒಂದು, ತನಗೆ ಬೇಕಾದ ಬ್ರ್ಯಾಂಚ್ ಇನ್ನೊಂದು ಅನ್ನೋ ಕಥೆ ನಮಗೇನೂ ಹೊಸದಲ್ಲ ಬಿಡಿ.

1859ರಲ್ಲಿ ಇಪ್ಪತ್ತು ವರ್ಷದ ಸೀಲಿ ಕೇಂಬ್ರಿಡ್ಜ್ ಸೇರಿದರು. ಅಲ್ಲಿನ ವುಡ್‌ವರ್ಡಿಯನ್ ಮ್ಯೂಸಿಯಂನಲ್ಲಿ ಭೂವಿಜ್ಞಾನಿ ಆಡಂ ಸೆಜ್‌ವಿಕ್ ಅವರಿಗೆ ಸಹಾಯಕರಾಗಿ ಕೆಲಸ. ಗುರುವಿಗೆ ಆಗಲೇ ಎಪ್ಪತ್ತು ದಾಟಿತ್ತು.

ಆ ಹೊತ್ತಿಗೆ ಕೇಂಬ್ರಿಡ್ಜಿನ ಸುತ್ತಮುತ್ತಲ ಹೊಲಗಳಲ್ಲಿ ಗೊಬ್ಬರದ ವ್ಯಾಪಾರ ಜೋರಾಗಿತ್ತು. ಗ್ರೀನ್‌ಸ್ಯಾಂಡ್ ಎಂಬ ಮಣ್ಣಿನ ಪದರದಲ್ಲಿ ಫಾಸ್ಫೇಟ್ ಗಂಟುಗಳು ಸಿಗುತ್ತಿದ್ದವು. ಅದನ್ನು ಅಗೆದು, ತೊಳೆದು, ಪುಡಿ ಮಾಡಿ, ಸಲ್ಫ್ಯೂರಿಕ್ ಆಸಿಡ್ ಸೇರಿಸಿದರೆ ಸೂಪರ್‌ಫಾಸ್ಫೇಟ್. ಹೀಗೆ ಅಗೆಯುವಾಗ ಕೂಲಿಯವರ ಕೈಗೆ ಮೂಳೆ ಚೂರುಗಳೂ ಬರುತ್ತಿದ್ದವು. ಬಹಳಷ್ಟು ಟೆರೋಸಾರ್ ಮೂಳೆಗಳೇ. ಗೊಬ್ಬರ ಆಗದೆ ಉಳಿದ ಚೂರುಗಳು ಮ್ಯೂಸಿಯಂ ಸೇರಿದವು.

ಜರ್ಮನಿಯ ಬವೇರಿಯಾದಲ್ಲಿ ಪೂರ್ತಿ ಅಸ್ಥಿಪಂಜರಗಳೇ ಸಿಕ್ಕಿದ್ದವು. ಫ್ರಾನ್ಸಿನ ಕ್ಯೂವಿಯೇ ಅಂಥದೊಂದರ ಚಿತ್ರ ನೋಡಿಯೇ 1801ರಲ್ಲಿ ಇದು ಹಾರುವ ಸರೀಸೃಪ ಎಂದು ಗುರುತಿಸಿದ್ದರು. ಆದರೆ ಅವು ಕಲ್ಲಿನ ಹಲಗೆಯ ಮೇಲೆ ಚಪ್ಪಟೆಯಾಗಿ ಒತ್ತಿಹೋದವು. ಕೇಂಬ್ರಿಡ್ಜಿನವು ಪುಡಿಪುಡಿ, ಆದರೆ ಪ್ರತಿ ಚೂರೂ ತನ್ನ ಗಾತ್ರ, ಆಕಾರ ಉಳಿಸಿಕೊಂಡಿತ್ತು. ಇಡೀ ಗಾಡಿಯ ಫೋಟೋ ಒಂದು ಕಡೆ, ಗುಜರಿಯಲ್ಲಿ ಬಿದ್ದ ನಿಜವಾದ ಬಿಡಿಭಾಗಗಳು ಇನ್ನೊಂದು ಕಡೆ. ಗಾಡಿ ಹೇಗೆ ಓಡುತ್ತಿತ್ತು ಅಂತ ತಿಳಿಯೋಕೆ ಬಿಡಿಭಾಗಗಳೇ ವಾಸಿ ಅಲ್ವಾ?

ಸೀಲಿ ಒಂದೊಂದೇ ಚೂರು ಹಿಡಿದು ಕೂತರು. ತೋಳಿನ ಮೂಳೆಯಲ್ಲಿ ಸ್ನಾಯು ಹಿಡಿದುಕೊಳ್ಳಲು ದೊಡ್ಡದೊಂದು ಏಣು. ಎದೆಮೂಳೆಯಲ್ಲಿ ಹಕ್ಕಿಗಳಿಗಿರುವಂತೆ ದೋಣಿಯ ಅಡಿಮರದಂಥ ಉಬ್ಬು. ಬರೀ ತೇಲುವ ಪ್ರಾಣಿಗೆ ಇಷ್ಟು ದಪ್ಪ ಸ್ನಾಯುಗಳನ್ನು ಹಿಡಿಯುವ ಜಾಗ ಯಾಕೆ ಬೇಕು? ಮೂಳೆಗಳು ಒಳಗೆ ಟೊಳ್ಳು, ಗೋಡೆ ತೆಳು, ಗಾಳಿ ಒಳಹೋಗಲು ಪುಟ್ಟ ರಂಧ್ರಗಳು. ಹಕ್ಕಿಗಳಲ್ಲಿ ಇಂಥ ರಂಧ್ರಗಳಿರುವುದು ಶ್ವಾಸಕೋಶದಿಂದ ಹೊರಟ ಗಾಳಿಚೀಲಗಳು ಮೂಳೆಯೊಳಗೂ ಹರಡಿರುವುದರಿಂದ. ತಲೆಬುರುಡೆಯ ಒಳಗಿನ ಅಚ್ಚು ನೋಡಿದರೆ ಮೆದುಳೂ ಹಕ್ಕಿಯದನ್ನೇ ಹೋಲುತ್ತಿತ್ತು.

ಇಷ್ಟನ್ನೂ ಜೋಡಿಸಿ ಸೀಲಿ ಒಂದು ಸರಪಳಿ ಕಟ್ಟಿದರು. ರೆಕ್ಕೆ ಬಡಿಯೋಕೆ ಶಕ್ತಿ ಬೇಕು. ಶಕ್ತಿಗೆ ಆಮ್ಲಜನಕ ಬೇಕು. ಅದಕ್ಕೆ ಜೋರಾದ ಉಸಿರಾಟ, ಗಟ್ಟಿ ಹೃದಯ ಬೇಕು. ಅಷ್ಟೆಲ್ಲ ಕೆಲಸ ನಡೆಯುವ ದೇಹ ತಣ್ಣಗಿರೋಕೆ ಸಾಧ್ಯವಿಲ್ಲ. ಹಾಗಾಗಿ ಟೆರೋಸಾರ್ ಬಿಸಿರಕ್ತದ, ಚುರುಕಾದ, ನಿಜವಾಗಿ ಹಾರುವ ಪ್ರಾಣಿ. ನಾವು ಥರ್ಮೋಡೈನಮಿಕ್ಸ್ ಪೇಪರಿನಲ್ಲಿ ಬರೆಯುವ ಎನರ್ಜಿ ಬ್ಯಾಲೆನ್ಸ್ ಇದೇ ತಾನೆ!

ಆದ್ರೆ ಎದುರಿಗಿದ್ದವರು ರಿಚರ್ಡ್ ಓವೆನ್. ಡೈನೋಸಾರ್ ಎಂಬ ಗುಂಪಿಗೆ 1842ರಲ್ಲಿ ಹೆಸರಿಟ್ಟವರು, ಬ್ರಿಟಿಷ್ ಮ್ಯೂಸಿಯಂನ ಜೀವಿ ಸಂಗ್ರಹಕ್ಕೆಲ್ಲ ಮುಖ್ಯಸ್ಥರು. ಅವರ ಪ್ರಕಾರ ಟೆರೋಸಾರ್‌ಗಳು ತಣ್ಣನೆ ರಕ್ತದ ಸರೀಸೃಪಗಳೇ. ಮೈಮೇಲೆ ಗರಿಯಿಲ್ಲ, ಕೂದಲಿಲ್ಲ, ಬಿಸಿ ಹುಟ್ಟಿದರೂ ನಿಲ್ಲುವುದೆಲ್ಲಿ ಅನ್ನೋದು ಅವರ ವಾದ. ಹೀಟ್ ಲಾಸ್ ಲೆಕ್ಕ ತೆಗೆದುಹಾಕುವಂಥದ್ದೇನಲ್ಲ. ಸೀಲಿ ಹಿಂದೆ ಸರಿಯಲಿಲ್ಲ. 1870ರಲ್ಲಿ ದಿ ಆರ್ನಿಥೋಸಾರಿಯಾ ಎಂಬ ಪುಸ್ತಕ ತಂದರು. ಆ ಹೆಸರಿನಲ್ಲೇ ಹಕ್ಕಿಯೂ ಇದೆ, ಹಲ್ಲಿಯೂ ಇದೆ. ಆಗ ಅವರಿಗೆ ವಯಸ್ಸು 31, ಕೈಯಲ್ಲಿದ್ದದ್ದು ಗೊಬ್ಬರದ ಗುಂಡಿಯ ಚೂರುಗಳು.

ಮುಂದೆ ಸೀಲಿ 1879ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು, ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಪ್ರೊಫೆಸರ್ ಆದರು. ಸೊಂಟದ ಮೂಳೆ ನೋಡಿ ಡೈನೋಸಾರ್‌ಗಳನ್ನು ಎರಡು ಗುಂಪು ಮಾಡಬಹುದು ಅಂತ 1887ರಲ್ಲಿ ತೋರಿಸಿದವರೂ ಇವರೇ. 1889ರಲ್ಲಿ ದಕ್ಷಿಣ ಆಫ್ರಿಕಾದ ಕರೂ ಪ್ರದೇಶಕ್ಕೆ ಹೋಗಿ ಪಳೆಯುಳಿಕೆ ತಂದರು. ಆದ್ರೂ ಹಾರುವ ಸರೀಸೃಪಗಳನ್ನು ಮರೆಯಲಿಲ್ಲ. 1901ರಲ್ಲಿ ಸಾಮಾನ್ಯ ಓದುಗರಿಗಾಗಿ ಡ್ರ್ಯಾಗನ್ಸ್ ಆಫ್ ದಿ ಏರ್ ಬರೆದರು. ರೈಟ್ ಸಹೋದರರ ವಿಮಾನ ಮೇಲೇರಿದ್ದು ಅದಾಗಿ ಎರಡು ವರ್ಷಕ್ಕೆ. 1909ರ ಜನವರಿ 8ರಂದು ಸೀಲಿ ತೀರಿಕೊಂಡರು.

ಅವರು ಹೋದ ಮೇಲೆ ಗಾಳಿ ಉಲ್ಟಾ ಬೀಸಿತು. ಆಗ್ರಾದಲ್ಲಿ ಸರ್ಕಾರಿ ಬ್ಯಾಕ್ಟೀರಿಯಾ ತಜ್ಞರಾಗಿದ್ದ ಹ್ಯಾಂಕಿನ್ ಅಲ್ಲಿನ ರಣಹದ್ದುಗಳು ರೆಕ್ಕೆ ಬಡಿಯದೆ ತೇಲುವುದನ್ನು ವರ್ಷಗಟ್ಟಲೆ ನೋಡಿದ್ದರು. ಅವರು 1914ರಲ್ಲಿ ವಾಟ್ಸನ್ ಜೊತೆ ಬರೆದ ಲೇಖನದಲ್ಲಿ ದೊಡ್ಡ ಟೆರೋಸಾರ್‌ಗಳು ಮುಖ್ಯವಾಗಿ ತೇಲುತ್ತಿದ್ದವು ಅಂದರು. ಮುಂದೆ ಬಹಳ ಕಾಲ ಪುಸ್ತಕಗಳಲ್ಲಿ ಉಳಿದದ್ದು ಈ ತೇಲುವ ಚಿತ್ರವೇ.

1971ರಲ್ಲಿ ಸೋವಿಯತ್ ವಿಜ್ಞಾನಿ ಶಾರೋವ್ ಮೈತುಂಬ ಕೂದಲಿನಂಥ ಎಳೆಗಳಿದ್ದ ಟೆರೋಸಾರ್ ಒಂದನ್ನು ವಿವರಿಸಿದರು. ಓವೆನ್ ಕೇಳಿದ್ದ ಇನ್ಸುಲೇಷನ್ ಅಲ್ಲೇ ಇತ್ತು! 1980ರ ದಶಕದಲ್ಲಿ ಕೆವಿನ್ ಪೇಡಿಯನ್ ಭುಜ, ಎದೆಮೂಳೆಗಳ ಅಧ್ಯಯನದಿಂದ ಇವು ರೆಕ್ಕೆ ಬಡಿದೇ ಹಾರುತ್ತಿದ್ದವು ಅಂತ ವಾದಿಸಿದರು. 1986ರಲ್ಲಿ ಪಾಲ್ ಮೆಕ್‌ಕ್ರೆಡಿ ತಂಡ ಸುಮಾರು 5.5 ಮೀಟರ್ ಅಗಲದ, ಮೋಟಾರಿನಿಂದ ರೆಕ್ಕೆ ಬಡಿಯುವ ಟೆರೋಸಾರ್ ಮಾಡೆಲ್ ಹಾರಿಸಿತು. ಮರುಭೂಮಿಯಲ್ಲಿ ಚೆನ್ನಾಗಿ ಹಾರಿದ್ದು ಜನರೆದುರು ಡೆಮೋ ದಿನ ಬಿದ್ದುಹೋಯ್ತು. ಪ್ರಾಜೆಕ್ಟ್ ಡೆಮೋ ಎಲ್ಲಾ ಕಾಲದಲ್ಲೂ ಹೀಗೇ ಅನ್ಸುತ್ತೆ. 2008ರಲ್ಲಿ ಮೈಕಲ್ ಹಬೀಬ್, ಇವು ಹಕ್ಕಿಯಂತೆ ಕಾಲಿನಿಂದಲ್ಲ, ನಾಲ್ಕೂ ಅಂಗ ಊರಿ ಮುಂಗೈ ಬಲದಿಂದ ನೆಲಬಿಟ್ಟು ಚಿಮ್ಮುತ್ತಿದ್ದವು ಎಂದು ಮೂಳೆಗಳ ಬಲದ ಲೆಕ್ಕದಿಂದ ತೋರಿಸಿದರು. ಇವತ್ತು ಟೆರೋಸಾರ್‌ಗಳು ಸ್ವಂತ ಬಲದಿಂದ ಹಾರುತ್ತಿದ್ದವು ಎಂಬುದನ್ನು ವಿಜ್ಞಾನಿಗಳು ಒಪ್ಪುತ್ತಾರೆ.

ಹಾಗಂತ ಸೀಲಿ ಎಲ್ಲದರಲ್ಲೂ ಸರಿಯಿರಲಿಲ್ಲ. ಇಷ್ಟೊಂದು ಹೋಲಿಕೆ ಇರುವುದರಿಂದ ಟೆರೋಸಾರ್ ಹಕ್ಕಿಗಳ ಹತ್ತಿರದ ಸಂಬಂಧಿ ಅಂತ ಅವರು ನಂಬಿದ್ದರು. ಈಗಿನ ತಿಳಿವಳಿಕೆ ಬೇರೆ. ಹಕ್ಕಿಗಳು ಡೈನೋಸಾರ್‌ಗಳ ವಂಶ, ಟೆರೋಸಾರ್‌ಗಳು ಡೈನೋಸಾರ್‌ಗಳ ದಾಯಾದಿಗಳು. ಎರಡೂ ಬೇರೆಬೇರೆಯಾಗೇ ಹಾರೋದನ್ನು ಕಲಿತವು. ಗಾಳಿ ಒಡ್ಡಿದ ಪ್ರಶ್ನೆ ಒಂದೇ ಆದಾಗ ಎರಡು ಮನೆತನಗಳು ಒಂದೇ ಥರದ ಉತ್ತರ ಬರೆದವು, ಒಬ್ಬರದ್ದನ್ನು ಒಬ್ಬರು ಕಾಪಿ ಹೊಡೆಯದೆ!

ಒಂದು ಭಾಗವನ್ನು ನೋಡಿ ಅದು ಯಾವ ಕೆಲಸಕ್ಕೆ ಇದೆ ಅಂತ ಹೇಳಬಹುದು, ಯಾರ ಮನೆಯದು ಅಂತ ಹೇಳೋದು ಕಷ್ಟ. ಸೀಲಿ ಮೊದಲನೆಯದರಲ್ಲಿ ಗೆದ್ದರು, ಎರಡನೆಯದರಲ್ಲಿ ಸೋತರು. ಮುಂದಿನ ಸಲ ನಾವು ಮ್ಯೂಸಿಯಂನಲ್ಲೋ ಸಿನಿಮಾದಲ್ಲೋ ಟೆರೋಸಾರ್ ನೋಡಿದಾಗ ರೆಕ್ಕೆಯ ಅಗಲಕ್ಕೆ ಬಾಯಿಬಿಡುವ ಮೊದಲು ಅದರ ಎದೆಮೂಳೆ ಕಡೆ ಒಂಚೂರು ನೋಡೋಣ. ಇಂಜಿನ್ ಇರೋದು ಅಲ್ಲಿ.