ಮೊದಲು ಲೆಕ್ಕ, ಆಮೇಲೆ ಕೆಲಸ

ನಮ್ಮ ಪ್ರೌಢಶಾಲೆಯ ಗೋಡೆಯ ಮೇಲೆ ಪೇಟ ಧರಿಸಿದ ಸರ್ ಎಂ. ವಿಶ್ವೇಶ್ವರಯ್ಯನವರ ಚಿತ್ರವಿತ್ತು. ಕನ್ನಂಬಾಡಿ ಕಟ್ಟೆಯ ಎಂಜಿನಿಯರ್ ಎಂದಷ್ಟೇ ಆಗ ನನಗೆ ಗೊತ್ತಿತ್ತು. ಮುಂದೆ ಸಣ್ಣ ಉದ್ದಿಮೆಗಳ ಬಗ್ಗೆ ಸಂಶೋಧನೆಗೆ ತೊಡಗಿ, ಪ್ರಶ್ನಾವಳಿ ಹಿಡಿದು ಅಂಗಡಿ, ವರ್ಕ್‌ಶಾಪುಗಳನ್ನು ಸುತ್ತಿದ ಮೇಲೆ ಅವರ ಬದುಕನ್ನು ಮತ್ತೆ ಓದಿದೆ.

ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಖರ್ಚು ನಿಭಾಯಿಸಿದರು. ಪುಣೆಯಲ್ಲಿ ಎಂಜಿನಿಯರಿಂಗ್ ಓದಿ ಮುಂಬಯಿ ಸರ್ಕಾರದ ಸೇವೆಗೆ ಸೇರಿದರು. ನೀರು ಮಟ್ಟ ಮೀರಿದಾಗ ತಾವಾಗಿಯೇ ತೆರೆದುಕೊಳ್ಳುವ ಬಾಗಿಲುಗಳನ್ನು ರೂಪಿಸಿ, 1903ರಲ್ಲಿ ಖಡಕ್‌ವಾಸ್ಲಾ ಜಲಾಶಯಕ್ಕೆ ಅಳವಡಿಸಿದರು.

1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. ಅದಕ್ಕೂ ಮುಂಚೆ, 1911ರಲ್ಲಿ ಆರಂಭವಾದ ಮೈಸೂರು ಆರ್ಥಿಕ ಸಮ್ಮೇಳನದ ಹಿಂದೆ ಅವರ ಶ್ರಮವಿತ್ತು. ಕೃಷಿ, ಕೈಗಾರಿಕೆ, ಶಿಕ್ಷಣಗಳ ಸ್ಥಿತಿಯನ್ನು ಅಂಕಿಅಂಶಗಳಿಂದ ಅರಿತು ಯೋಜನೆ ಹಾಕುವುದು ಅವರ ಕ್ರಮ. ಬಂಡವಾಳಕ್ಕೆ 1913ರಲ್ಲಿ ಮೈಸೂರು ಬ್ಯಾಂಕ್ ಬಂತು. ವಿದ್ಯೆಗೆ 1916ರಲ್ಲಿ ವಿಶ್ವವಿದ್ಯಾನಿಲಯ ಬಂತು. ಮಹಾಯುದ್ಧದಿಂದ ಗಂಧದ ಮರ ಹೊರದೇಶಕ್ಕೆ ಹೋಗದೆ ಉಳಿದಾಗ, ಎಣ್ಣೆಯನ್ನು ಇಲ್ಲಿಯೇ ತೆಗೆಯುವ ಕಾರ್ಖಾನೆ ಆರಂಭವಾಯಿತು. ಮೈಸೂರು ಸ್ಯಾಂಡಲ್ ಸಾಬೂನು ಅದರ ಫಲ.

ಎಲ್ಲವೂ ಸಲೀಸಾಗಿ ನಡೆಯಲಿಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿ ಕಬ್ಬಿಣದ ಕಾರ್ಖಾನೆ, ಬೆಲೆ ಕುಸಿದು ನಷ್ಟಕ್ಕೆ ಸಿಲುಕಿತು. ನಿವೃತ್ತರಾಗಿದ್ದ ಅವರೇ ಹೊಣೆ ಹೊತ್ತು, ವೆಚ್ಚ ತಗ್ಗಿಸಿ ಅದನ್ನು ಉಳಿಸಿದರು.

ಒಂದು ವಿಷಯವನ್ನು ಮುಚ್ಚಿಡಲಾರೆ. ಹಿಂದುಳಿದವರಿಗೆ ಸರ್ಕಾರಿ ಹುದ್ದೆಗಳಲ್ಲಿ ಪಾಲು ಮೀಸಲಿಡುವುದನ್ನು ಅವರು ಒಪ್ಪಲಿಲ್ಲ. ಆ ಭಿನ್ನಾಭಿಪ್ರಾಯದಿಂದ ದಿವಾನಗಿರಿ ಬಿಟ್ಟರು. ನಮ್ಮ ಮನೆಯಲ್ಲಿ ಮೊದಲಿಗೆ ಎಸ್ಸೆಸ್ಸೆಲ್ಸಿ ದಾಟಿದವನು ನಾನು. ಮುಂದಿನ ಓದಿಗೆ ಸೀಟು ಸಿಕ್ಕಿದ್ದು ಮೀಸಲಾತಿಯಿಂದ. ಹೀಗಾಗಿ ಈ ಮಾತಿನಲ್ಲಿ ನಾನು ಅವರ ಕಡೆ ನಿಲ್ಲಲಾರೆ. ಆದರೆ ಮಕ್ಕಳನ್ನು ಶಾಲೆಗೆ ಸೇರಿಸಲೇಬೇಕೆಂಬ ಕಾನೂನು ಮೈಸೂರಿಗೆ ಬಂದದ್ದು ಅವರ ಕಾಲದಲ್ಲೇ, 1913ರಲ್ಲಿ. ಎರಡೂ ನೆನಪಿರಲಿ.

1955ರಲ್ಲಿ ಭಾರತರತ್ನ ಪಡೆದ ಅವರು, ನೂರು ವರ್ಷ ತುಂಬಿದ ಮೇಲೆ 1962ರಲ್ಲಿ ತೀರಿಕೊಂಡರು.

ಈಗ ನಾನು ಹೋಗುವ ಅಂಗಡಿಗಳಲ್ಲಿ ಹಣ ಫೋನಿಗೇ ಬರುತ್ತದೆ. ತಿಂಗಳಿಗೆ ಉಳಿದದ್ದೆಷ್ಟು ಎಂದು ಕೇಳಿದರೆ ಹಲವರು ಸುಮ್ಮನಾಗುತ್ತಾರೆ. ಯಂತ್ರ ಬಂದಿದೆ, ಲೆಕ್ಕ ಬಂದಿಲ್ಲ. ಊರಿನಲ್ಲಿ ಉದ್ದಿಮೆ ಹೂಡುವ ನಮ್ಮ ಶಾಲೆಯ ಮಕ್ಕಳು ಮೊದಲು ಒಂದು ಲೆಕ್ಕದ ಪುಸ್ತಕ ತೆರೆಯಲಿ.